ಎಚ್ಚರಿಕೆ ಪತ್ರದ ಹಿಂದಿರುವ ವಕೀಲರು

ಅಮೆರಿಕಕ್ಕೆ ಔಷಧ, ಆಹಾರ ಪದಾರ್ಥ ಅಥವಾ ವೈದ್ಯಕೀಯ ಸಾಧನಗಳನ್ನು ರಫ್ತು ಮಾಡುವ ನಮ್ಮ ರಾಜ್ಯದ ಉದ್ಯಮಿಗಳಿಗೆ ಆ ದೇಶದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಂದರೆ ಎಫ್‌ಡಿಎ, ಅಪರಿಚಿತವಲ್ಲ. ಅದರ ತಪಾಸಣಾಧಿಕಾರಿಗಳು, ಅದರ ಪ್ರಯೋಗಾಲಯ, ಬಂದರಿನಲ್ಲಿ ಅದು ತಡೆಹಿಡಿಯುವ ಕಂಟೇನರುಗಳು ಉದ್ಯಮಿಗಳ ಮಾತುಕತೆಯಲ್ಲಿ ಆಗಾಗ ಬರುತ್ತಿರುತ್ತವೆ. ಅದರ ಮುಖ್ಯ ವಕೀಲರ ವಿಷಯ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಸಂಸ್ಥೆಯಿಂದ ಬಂದ ಪತ್ರವನ್ನು ಗುಣಮಟ್ಟ ವಿಭಾಗದ ಮೇಜಿಗೆ ದಾಟಿಸಿ ನಿಶ್ಚಿಂತರಾಗುವ ಮಾಲೀಕರು ಈ ಹುದ್ದೆಯ ಸ್ವರೂಪವನ್ನು ಅರಿಯುವುದು ಲೇಸು.

ಅಮೆರಿಕದ ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆಗೆ ಒಬ್ಬ ಪ್ರಧಾನ ಕಾನೂನು ಸಲಹೆಗಾರರಿರುತ್ತಾರೆ. ಅಧ್ಯಕ್ಷರು ಅವರನ್ನು ಹೆಸರಿಸಿ, ಸೆನೆಟ್ ಒಪ್ಪಿಗೆ ನೀಡಬೇಕು. ಎಫ್‌ಡಿಎ ಇದೇ ಇಲಾಖೆಯ ಅಂಗಸಂಸ್ಥೆ. ಅದರ ಚೀಫ್ ಕೌನ್ಸೆಲ್ ಅಥವಾ ಮುಖ್ಯ ವಕೀಲರು ದಿನನಿತ್ಯ ಆಯುಕ್ತರಿಗೆ ಸಲಹೆ ನೀಡುವವರಾದರೂ, ಸಂಘಟನೆಯ ದೃಷ್ಟಿಯಿಂದ ಇಲಾಖೆಯ ಪ್ರಧಾನ ಸಲಹೆಗಾರರ ಕಚೇರಿಗೆ ಸೇರಿದವರು. ನಿಯಮಾವಳಿಗಳ ಕರಡು ಕಾಯ್ದೆಯ ಚೌಕಟ್ಟಿನೊಳಗಿದೆಯೇ, ಕ್ರಮ ಜರುಗಿಸಲು ಸಾಕಷ್ಟು ಸಾಕ್ಷ್ಯವಿದೆಯೇ ಎಂಬುದನ್ನು ತೂಗಿ ನೋಡುವುದು ಅವರ ಕೆಲಸ. ಮೊಕದ್ದಮೆ ಹೂಡಬೇಕೆನಿಸಿದರೆ ವಿಷಯವನ್ನು ನ್ಯಾಯ ಇಲಾಖೆಗೆ ಕಳುಹಿಸಬೇಕು. ನ್ಯಾಯಾಲಯದಲ್ಲಿ ಸರ್ಕಾರದ ಪರ ನಿಲ್ಲುವ ಅಧಿಕಾರ ಆ ಇಲಾಖೆಯದು. ಅವರ ಕಕ್ಷಿದಾರ ಸರ್ಕಾರವೇ; ವ್ಯಾಪಾರಿಯೂ ಅಲ್ಲ, ರೋಗಿಯೂ ಅಲ್ಲ.

ತಜ್ಞರಿಗೂ ವಕೀಲರಿಗೂ ನಡುವಿನ ತಿಕ್ಕಾಟ ಈ ಸಂಸ್ಥೆಯಷ್ಟೇ ಹಳೆಯದು. 1906ರ ಶುದ್ಧ ಆಹಾರ ಕಾಯ್ದೆ ಜಾರಿಯಾದಾಗ ಅದರ ಹೊಣೆ ಕೃಷಿ ಇಲಾಖೆಯ ರಸಾಯನಶಾಸ್ತ್ರಜ್ಞ ಹಾರ್ವೆ ವೈಲಿ ಅವರ ವಿಭಾಗದ ಮೇಲಿತ್ತು. 1907ರಲ್ಲಿ ಮೂವರ ಮಂಡಳಿಯೊಂದನ್ನು ರಚಿಸಿ, ಅದರಲ್ಲಿ ವೈಲಿಯವರೊಡನೆ ಇನ್ನೊಬ್ಬ ರಸಾಯನಶಾಸ್ತ್ರಜ್ಞರನ್ನೂ ಇಲಾಖೆಯ ಸಾಲಿಸಿಟರ್ ಜಾರ್ಜ್ ಮೆಕೇಬ್ ಅವರನ್ನೂ ಕೂರಿಸಲಾಯಿತು. ತಮ್ಮ ಅಭಿಪ್ರಾಯ ಮತ್ತೆ ಮತ್ತೆ ಎರಡಕ್ಕೆ ಒಂದರಂತೆ ಸೋಲುತ್ತಿದೆ ಎಂಬ ಕೊರಗು ವೈಲಿಯವರಿಗಿತ್ತು. 1912ರಲ್ಲಿ ಅವರು ರಾಜೀನಾಮೆ ನೀಡಿದರು.

ಉದ್ಯಮಿಗಳಿಗೆ ಹೆಚ್ಚು ಪ್ರಸ್ತುತವಾದುದು 2001ರ ನಂತರದ ಇತಿಹಾಸ. ಆ ವರ್ಷ ಡೇನಿಯಲ್ ಟ್ರಾಯ್ ಮುಖ್ಯ ವಕೀಲರಾದರು. ಅದೇ ವರ್ಷದ ನವೆಂಬರಿನಲ್ಲಿ ಇಲಾಖೆಯಿಂದ ಆದೇಶವೊಂದು ಹೊರಟಿತು: ಎಫ್‌ಡಿಎ ಕಳುಹಿಸುವ ಪ್ರತಿಯೊಂದು ಎಚ್ಚರಿಕೆ ಪತ್ರವನ್ನೂ ಕಾನೂನಿನ ದೃಷ್ಟಿಯಿಂದ ಮುಖ್ಯ ವಕೀಲರ ಕಚೇರಿ ಮೊದಲು ಪರಿಶೀಲಿಸಬೇಕು. 2002ರ ಮಾರ್ಚಿನಿಂದ ಇದು ಜಾರಿಗೆ ಬಂದಿತು. ಹಿಂದೆ ಉದ್ಯಮಗಳ ಪರ ವಕಾಲತ್ತು ವಹಿಸಿದ್ದವರು ಈಗ ಉದ್ಯಮಗಳ ವಿರುದ್ಧದ ಪತ್ರಗಳನ್ನು ಸೋಸುತ್ತಿದ್ದಾರೆ ಎಂದು ಟೀಕಾಕಾರರು ಆಕ್ಷೇಪಿಸಿದರು. ಪರಿಶೀಲನೆ ಮುಗಿಯುವಷ್ಟರಲ್ಲಿ ಕೆಲವು ದಾರಿತಪ್ಪಿಸುವ ಔಷಧ ಜಾಹೀರಾತುಗಳ ಪ್ರಚಾರವೇ ಮುಗಿದಿರುತ್ತಿತ್ತೆಂದು ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2002ರ ವರದಿಯಲ್ಲಿ ಹೇಳಿತು. 2009ರ ಆಗಸ್ಟಿನಲ್ಲಿ ಆಯುಕ್ತೆ ಮಾರ್ಗರೆಟ್ ಹ್ಯಾಂಬರ್ಗ್ ಅವರು, ಮಹತ್ವದ ಕಾನೂನು ಪ್ರಶ್ನೆಗಳಿರುವ ಪತ್ರಗಳಿಗಷ್ಟೇ ವಕೀಲರ ಪರಿಶೀಲನೆಯನ್ನು ಸೀಮಿತಗೊಳಿಸುವುದಾಗಿ ಪ್ರಕಟಿಸಿದರು. ವಿಳಂಬದ ಟೀಕೆಯಲ್ಲಿ ಹುರುಳಿತ್ತು. ಆದರೂ ಪತ್ರ ಪಡೆಯುವವನ ಕಡೆಯಿಂದ ನೋಡಿದರೆ ಆ ಜರಡಿಗೆ ಬೆಲೆಯಿಲ್ಲವೆನ್ನುವಂತಿಲ್ಲ.

ಏಕೆಂದರೆ ಎಚ್ಚರಿಕೆ ಪತ್ರದ ವಿರುದ್ಧ ನ್ಯಾಯಾಲಯಕ್ಕೆ ಹೋಗುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ಕಿವಿಯಲ್ಲಿಟ್ಟು ಹೊತ್ತಿಸುವ ಮೇಣದ ಬತ್ತಿಗಳ ತಯಾರಕರು ಮತ್ತು ಮಾರಾಟಗಾರರು 2010ರಲ್ಲಿ ಇಂಥ ಪತ್ರಗಳನ್ನು ಪಡೆದು ದಾವೆ ಹೂಡಿದರು. ಪತ್ರ ಬಂದೊಡನೆ ವ್ಯಾಪಾರ ಕುಸಿಯುವುದು ಸಣ್ಣ ತಯಾರಕನಿಗೆ ಅನುಭವಸಿದ್ಧ; ಪತ್ರವಂತೂ ಅಂತರಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ಆದರೆ ಎಚ್ಚರಿಕೆ ಪತ್ರವು ಸಂಸ್ಥೆಯ ಅಂತಿಮ ಕ್ರಮವಲ್ಲ, ಆದ್ದರಿಂದ ಅದನ್ನು ಪ್ರಶ್ನಿಸಲಾಗದು ಎಂದು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿತು. ನ್ಯಾಯಾಧೀಶರು ನೋಡದ ಕಾಗದವನ್ನು ಕಾನೂನಿನ ಕಣ್ಣಿನಿಂದ ನೋಡುವವರು ಯಾರಾದರೂ ಇದ್ದರೆ, ಅವರು ಸಂಸ್ಥೆಯೊಳಗಿನ ವಕೀಲರು ಮಾತ್ರ.

ಆಮದು ಸರಕಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅಮೆರಿಕದೊಳಗೆ ತಯಾರಾದ ಸರಕನ್ನು ಜಪ್ತಿ ಮಾಡಲು ಸಾಮಾನ್ಯವಾಗಿ ನ್ಯಾಯಾಲಯದ ಮೊರೆ ಹೋಗಬೇಕು. ಹೊರಗಿನಿಂದ ಬರುವ ಸರಕಿಗೆ 1938ರ ಕಾಯ್ದೆಯ 801ನೆಯ ಕಲಮು ಅನ್ವಯಿಸುತ್ತದೆ. ಸರಕು ಕಲಬೆರಕೆಯದೆಂದು ಸಾಬೀತಾಗಬೇಕಿಲ್ಲ. ಹಾಗೆಂದು 'ತೋರಿದರೆ' ಸಾಕು, ಪ್ರವೇಶ ನಿರಾಕರಿಸಬಹುದು. ಆ ಒಂದು ಕ್ರಿಯಾಪದದ ಮೇಲೆ ಎಷ್ಟೋ ಕಂಟೇನರುಗಳ ಭವಿಷ್ಯ ನಿಂತಿದೆ. ಕರ್ನಾಟಕದಿಂದ ಹೊರಡುವ ಮಿಡಿಸೌತೆಯನ್ನೇ ತೆಗೆದುಕೊಳ್ಳಬಹುದು. ವಿನೆಗರಿನಲ್ಲಿ ಹಾಕಿ ಜಾಡಿಗೆ ತುಂಬಿದ ಮಿಡಿಸೌತೆ ಅಮೆರಿಕದ ನಿಯಮಗಳ ಪ್ರಕಾರ ಆಮ್ಲೀಕೃತ ಆಹಾರ. ಅದರ ಪಿಎಚ್ ಮಟ್ಟ 4.6 ಅಥವಾ ಅದಕ್ಕಿಂತ ಕೆಳಗಿರಬೇಕು, ಕಾರ್ಖಾನೆ ನೋಂದಣಿಯಾಗಿರಬೇಕು, ತಯಾರಿಕಾ ವಿಧಾನದ ವಿವರ ಎಫ್‌ಡಿಎ ಬಳಿ ದಾಖಲಾಗಿರಬೇಕು. ಈ ಕಾಗದಗಳಲ್ಲಿ ಕೊರತೆ ಕಂಡರೆ ಜಾಡಿಯೊಳಗಿನ ಸೌತೆ ಎಷ್ಟೇ ಶುದ್ಧವಿದ್ದರೂ ಸರಕು ನಿಲ್ಲಬಹುದು. ತಡೆಹಿಡಿದ ಸರಕಿನ ಬಗ್ಗೆ ಮಾಲೀಕನು ಸಾಕ್ಷ್ಯ ಸಲ್ಲಿಸಬಹುದು. ಅದು ಸಾಲದೆಹೋದರೆ ನಿರಾಕರಣೆಯಾದ 90 ದಿನಗಳೊಳಗೆ ಸರಕನ್ನು ದೇಶದಾಚೆಗೆ ಒಯ್ಯಬೇಕು, ಇಲ್ಲವೇ ನಾಶಪಡಿಸಬೇಕು. ಸಾಗಣೆ ವೆಚ್ಚವನ್ನೂ ಬ್ಯಾಂಕ್ ಬಡ್ಡಿಯನ್ನೂ ಕೂಡಿಸಿದರೆ ಸಣ್ಣ ಘಟಕವೊಂದರ ವರ್ಷದ ಲಾಭ ಅಲ್ಲೇ ಕರಗಬಹುದು.

ಪತ್ರವನ್ನು ಕೈಕೆಳಗಿನವರಿಗೆ ದಾಟಿಸಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ ಎಂಬುದಕ್ಕೆ 1975ರ ಪಾರ್ಕ್ ಮೊಕದ್ದಮೆ ಸಾಕ್ಷಿ. ಏಕ್ಮಿ ಮಾರ್ಕೆಟ್ಸ್ 874 ಅಂಗಡಿಗಳೂ ಸುಮಾರು 36,000 ನೌಕರರೂ ಇದ್ದ ಸಂಸ್ಥೆ. ಅದರ ಉಗ್ರಾಣಗಳಲ್ಲಿ ಇಲಿಗಳ ಕಾಟವಿದೆಯೆಂದು ಎಫ್‌ಡಿಎ 1970ರಲ್ಲಿ ಫಿಲಡೆಲ್ಫಿಯಾ ಉಗ್ರಾಣದ ಬಗ್ಗೆ, 1972ರಲ್ಲಿ ಬಾಲ್ಟಿಮೋರ್ ಉಗ್ರಾಣದ ಬಗ್ಗೆ ಅಧ್ಯಕ್ಷ ಜಾನ್ ಪಾರ್ಕ್ ಅವರಿಗೇ ಬರೆಯಿತು. ಬಾಲ್ಟಿಮೋರಿನ ಅಧಿಕಾರಿ ನೋಡಿಕೊಳ್ಳುತ್ತಿದ್ದಾರೆ ಎಂದು ಕಂಪನಿಯ ಕಾನೂನು ವಿಭಾಗದವರು ಅವರಿಗೆ ತಿಳಿಸಿದ್ದರು. 1972ರ ಮಾರ್ಚಿನಲ್ಲಿ ಮತ್ತೆ ತಪಾಸಣೆ ನಡೆದಾಗಲೂ ಇಲಿಗಳಿದ್ದವು. ಐದು ಆರೋಪಗಳಿಗೆ ತಲಾ 50 ಡಾಲರಿನಂತೆ ವಿಧಿಸಿದ ದಂಡ ಬಹಳ ಚಿಕ್ಕದು. ಆದರೆ ತಡೆಯುವ ಅಧಿಕಾರವುಳ್ಳವನು ತಡೆಯದಿದ್ದರೆ, ಅವನ ಕೈಯಿಂದ ತಪ್ಪು ನಡೆಯದಿದ್ದರೂ ಅಪರಾಧಿಯೇ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅಲ್ಲಿ ಹಳೆಯ ಪತ್ರಗಳೇ ಸಾಕ್ಷ್ಯವಾದವು.

ಇನ್ನು, ಸಂಸ್ಥೆಗೇ 'ಇದು ಸಲ್ಲದು' ಎಂದು ಹೇಳುವುದು ವಕೀಲರ ಕೆಲಸದ ಕಠಿಣ ಭಾಗ. ತಂಬಾಕು ತನ್ನ ಅಧಿಕಾರವ್ಯಾಪ್ತಿಗೆ ಬರುತ್ತದೆಂದು ಎಫ್‌ಡಿಎ 1996ರಲ್ಲಿ ನಿಯಮ ರೂಪಿಸಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯ 5-4 ಬಹುಮತದಿಂದ ಅದನ್ನು ತಳ್ಳಿಹಾಕಿತು. ಆ ಅಧಿಕಾರ ದೊರೆಯಲು 2009ರ ಹೊಸ ಕಾಯ್ದೆಯವರೆಗೆ ಕಾಯಬೇಕಾಯಿತು. ನಮ್ಮಲ್ಲಿಯೂ ಇದಕ್ಕೆ ಹೋಲುವ ಪ್ರಸಂಗವುಂಟು. ಆಹಾರ ಉತ್ಪನ್ನಗಳಿಗೆ ಪೂರ್ವಾನುಮೋದನೆ ಕಡ್ಡಾಯವೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2013ರಲ್ಲಿ ಬರಿಯ ಸಲಹಾಪತ್ರದ ಮೂಲಕ ವಿಧಿಸಿತು. ಅದಕ್ಕೆ ಕಾನೂನಿನ ಬಲವಿಲ್ಲವೆಂದು ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿತು. 2015ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಾಯಂಗೊಳಿಸಿತು. ಪ್ರಾಧಿಕಾರ ಆ ಪದ್ಧತಿಯನ್ನು ಕೈಬಿಟ್ಟಿತು. ನಿಯಮವಿಲ್ಲದೆ ಸಲಹಾಪತ್ರ ನಿಲ್ಲದೆಂಬ ಮಾತು ಪ್ರಾಧಿಕಾರದ ಒಳಗೇ ಮೇಲುಗೈ ಪಡೆದಿದ್ದರೆ, ಅನುಮೋದನೆಗಾಗಿ ಕಾದು ಕುಳಿತ ತಯಾರಕರ ಕಾಲವೂ ಹಣವೂ ಉಳಿಯುತ್ತಿದ್ದವು.

ತಪಾಸಣೆಯ ಕೊನೆಯಲ್ಲಿ ಎಫ್‌ಡಿಎ ಅಧಿಕಾರಿ ಕೈಗಿಡುವ 483ನೆಯ ನಮೂನೆಯಲ್ಲಿ ಇರುವುದು ಆತನ ಅವಲೋಕನಗಳಷ್ಟೇ. ಅದು ಸಂಸ್ಥೆಯ ಅಂತಿಮ ತೀರ್ಮಾನವಲ್ಲ. ಅದಕ್ಕೆ ಕೊಡುವ ಉತ್ತರ ಮಾತ್ರ ಕಡತ ಸೇರುತ್ತದೆ. ಮುಂದೆ ವಕೀಲರು ಆ ಕಡತವನ್ನು ತೆರೆದರೆ ಅದರಲ್ಲಿ ಒಪ್ಪಿಕೊಂಡ ಮಾತು ಒಪ್ಪಿಗೆಯಾಗಿಯೂ, ಕೊಟ್ಟ ಗಡುವು ಕರಾರಾಗಿಯೂ ಓದಿಸಿಕೊಳ್ಳುತ್ತದೆ. ಆದ್ದರಿಂದ ನೆರವೇರಿಸಲಾಗದ ದಿನಾಂಕವನ್ನು ಅದರಲ್ಲಿ ನಮೂದಿಸಬಾರದು. ಸರಿಪಡಿಸಿದ್ದಕ್ಕೆ ದಾಖಲೆ ಲಗತ್ತಿಸಬೇಕು. ಮಾಲೀಕರು ಸ್ವತಃ ಓದಿ ಸಹಿ ಮಾಡಬೇಕು. 2009ರಿಂದ ಇದಕ್ಕೆ 15 ಕೆಲಸದ ದಿನಗಳ ಅವಧಿ ಗೊತ್ತುಪಡಿಸಲಾಗಿದೆ. ಅದರೊಳಗೆ ತಲುಪಿದ ಉತ್ತರವನ್ನು ಎಚ್ಚರಿಕೆ ಪತ್ರದ ನಿರ್ಧಾರಕ್ಕೆ ಮುನ್ನ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ತಡವಾಗಿ ಬಂದ ಉತ್ತರಕ್ಕಾಗಿ ಪತ್ರವನ್ನು ಸಾಮಾನ್ಯವಾಗಿ ತಡೆಹಿಡಿಯುವುದಿಲ್ಲ.