ಮೆಲ್ಲಮೆಲ್ಲನೆ ಕುಗ್ಗಿಸುವ ಇಂಗ್ಲಿಷ್ ಮಾತುಗಳು

ಅಮೀರ್‌ಪೇಟ್‌ನ ಬೀದಿಗಳಲ್ಲಿ ಇಂಗ್ಲಿಷ್ ಕಲಿಸುವೆವೆಂಬ ಫಲಕಗಳಿಗೆ ಕೊರತೆಯಿಲ್ಲ. ಆದರೂ ಅಲ್ಲಿಯೇ ಇರುವ ನಮ್ಮ ಮನೆಯಲ್ಲಿ ಒಂದು ಇಂಗ್ಲಿಷ್ ಪದ ಎಲ್ಲರನ್ನೂ ಪೇಚಿಗೆ ಸಿಲುಕಿಸಿತು. ಅಜ್ಜಿಗೆ ಕೆಲವು ತಿಂಗಳುಗಳಿಂದ ವೈದ್ಯರು ಸ್ಟೀರಾಯ್ಡ್ ಗುಳಿಗೆ ಕೊಡುತ್ತಿದ್ದರು. ಹೊಸ ಚೀಟಿಯಲ್ಲಿ ‘ಟೇಪರ್’ ಎಂಬ ಮಾತಿತ್ತು. ಗುಳಿಗೆ ಸಾಕೆಂದು ಅದರ ಅರ್ಥವೆಂದು ಭಾವಿಸಿ ಡಬ್ಬಿಯನ್ನು ಎತ್ತಿಡುವುದರಲ್ಲಿದ್ದೆವು, ಔಷಧದಂಗಡಿಯವರು ತಡೆದರು.

ಇಂತಹ ಗುಳಿಗೆಯನ್ನು ಬಹುಕಾಲ ಸೇವಿಸಿದಾಗ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ತಗ್ಗಿಸಿಬಿಡುವುವು. ಗುಳಿಗೆಯನ್ನು ಹಠಾತ್ತನೆ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರು ಹೇಳಿದ ಕ್ರಮದಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಬಂದರೆ ಆ ಗ್ರಂಥಿಗಳು ಚೇತರಿಸಿಕೊಳ್ಳಲು ಅವಕಾಶ ದೊರೆಯುವುದು. ಹೀಗೆ ಇಳಿಸುವುದೇ ‘ಟೇಪರ್’.

ಟೇಪರ್ ಎಂದರೆ ಮೊದಲಿಗೆ ಮೇಣದ ಬತ್ತಿ. ತುದಿಯತ್ತ ಸಣ್ಣಗಾಗುವ ಅದರ ಆಕಾರದಿಂದ ಈ ಕ್ರಿಯಾಪದ ಬಂದಿತು. ನಮ್ಮ ಸಂಗೀತಗಾರರು ಗೋಪುಚ್ಛಯತಿ ಎನ್ನುವಾಗಲೂ ಇದೇ ಚಿತ್ರವುಂಟು. ಹಸುವಿನ ಬಾಲವೇ ನನಗೆ ಹೆಚ್ಚು ಪ್ರಿಯ!

‘ವೀನ್’ ಎಂಬುದು ಮಗುವಿಗೆ ಹಾಲು ಬಿಡಿಸುವುದು. ಅದರ ಹಳೆಯ ಅರ್ಥ ‘ರೂಢಿಮಾಡಿಸು’ ಎಂದು. ಬಿಡಿಸುವುದಕ್ಕಿಂತ ಅನ್ನಕ್ಕೆ ಒಗ್ಗಿಸುವುದೇ ಅಲ್ಲಿ ಮುಖ್ಯವಷ್ಟೆ. ಚಟ ಬಿಡಿಸುವಾಗಲೂ ಈ ಮಾತನ್ನೇ ಬಳಸುವರು.

‘ಫೇಸ್ ಔಟ್’ ಎಂದರೆ ಹಂತಹಂತವಾಗಿ ಇಳಿಸಿ ಕೊನೆಗೆ ಇಲ್ಲವಾಗಿಸುವುದು. ಫೇಸ್ ಎಂಬುದು ಚಂದ್ರನ ಕಲೆಗೂ ಹೆಸರು. ಇದಕ್ಕೆ ನಮ್ಮ ಊರಿನದೇ ನಿದರ್ಶನವುಂಟು. ಹೈದರಾಬಾದು ಸಂಸ್ಥಾನಕ್ಕೆ ‘ಹಾಲಿ ಸಿಕ್ಕಾ’ ಎಂಬ ಸ್ವಂತ ನಾಣ್ಯವಿತ್ತು. 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಕಲಬುರಗಿ, ರಾಯಚೂರು, ಬೀದರಗಳ ಹಿರಿಯರೂ ಅದನ್ನು ಎಣಿಸಿದವರೇ. 1950ರಲ್ಲಿ ಭಾರತದ ರೂಪಾಯಿ ಅದರ ಜೊತೆಗೆ ಚಲಾವಣೆಗೆ ಬಂದಿತು. ಹಾಲಿಯ 7 ರೂಪಾಯಿಗೆ ಭಾರತದ 6 ರೂಪಾಯಿ. 1951ರಲ್ಲಿ ಹಾಲಿ ಹಣವನ್ನು ಹೊಸದಾಗಿ ಹೊರಡಿಸುವುದು ನಿಂತಿತು. 1959ರಲ್ಲಿ ಅದರ ಚಲಾವಣೆಯೇ ರದ್ದಾಯಿತು.

ಇನ್ನು ‘ಡ್ವಿಂಡಲ್’. ಇಲ್ಲಿ ಕನ್ನಡಿಗರು ಎಡವುವುದು ಹೆಚ್ಚು. ನಮ್ಮಲ್ಲಿ ತಾನಾಗಿ ಆಗುವುದು ‘ಕುಗ್ಗು’. ‘ಇಸು’ ಸೇರಿದರೆ ‘ಕುಗ್ಗಿಸು’. ಇಂಗ್ಲಿಷಿನಲ್ಲಿ ಅಂತಹ ಸುಲಭ ಪ್ರತ್ಯಯವಿಲ್ಲ. ಟೇಪರ್ ಎರಡಕ್ಕೂ ಸಲ್ಲುವುದು. ಡ್ವಿಂಡಲ್ ತಾನಾಗಿ ಕುಗ್ಗುವುದಕ್ಕೆ ಮಾತ್ರ. ಶಾಲೆಯೊಂದರ ಮಕ್ಕಳ ಸಂಖ್ಯೆ ಡ್ವಿಂಡಲ್ ಆಯಿತೆನ್ನಬಹುದು. ಯಾರೋ ಅದನ್ನು ಡ್ವಿಂಡಲ್ ಮಾಡಿದರೆಂದು ಬರೆದರೆ ಪರೀಕ್ಷಕರು ಕೆಂಪು ಗೆರೆ ಎಳೆಯುವರು.