ಎಂಟು ಹಡಗುಗಳ ಕೂಗು

ಯುದ್ಧನೌಕೆ ಬೇಕೆಂದು ಕೂಗುವವರು ಅದರ ಬೆಲೆಯನ್ನೂ ತೆರಲು ಒಪ್ಪುವರೇ? 1909ರಲ್ಲಿ ಇಂಗ್ಲೆಂಡಿನಲ್ಲಿ ನಡೆದುದನ್ನು ಶ್ರೋತೃಗಳು ಗಮನಿಸಬೇಕು. ಜರ್ಮನಿಯು ಗುಟ್ಟಾಗಿ ನೌಕಾಬಲವನ್ನು ಬೆಳೆಸುತ್ತಿದೆಯೆಂಬ ಭೀತಿ ಅಲ್ಲಿ ಹಬ್ಬಿತ್ತು. 1912ರ ವೇಳೆಗೆ ಅದರ ಬಳಿ 21 'ಡ್ರೆಡ್‌ನಾಟ್' ಮಹಾನೌಕೆಗಳಿರಬಹುದೆಂದು ಕೆಲವರು ಎಣಿಸಿದ್ದರು. ನೌಕಾಮಂತ್ರಿ ಮೆಕೆನ್ನಾ ಅವರು 6 ನೌಕೆಗಳನ್ನು ಕೇಳಿದರು. ಲಾಯ್ಡ್ ಜಾರ್ಜ್, ಚರ್ಚಿಲ್ ಇವರು 4 ಸಾಕೆಂದರು. ಜನವಾದರೋ, "ಎಂಟು ಬೇಕು, ಕಾಯಲಾರೆವು" ಎಂದು ಬೊಬ್ಬಿಟ್ಟಿತು. ಕಡೆಗೆ ನಿರ್ಮಾಣವಾದುದು ಎಂಟೇ! ರಾಜಿಯ ಲೆಕ್ಕ ಹೀಗೂ ಇರುವುದುಂಟು. ಆದರೆ ಹಣ? ನೌಕೆಗಳಿಗೂ ವೃದ್ಧರ ಪಿಂಚಣಿಗೂ ಒಮ್ಮೆಗೇ ದ್ರವ್ಯ ಬೇಕಾಗಿ, ಲಾಯ್ಡ್ ಜಾರ್ಜರು ಸಿರಿವಂತರ ವರಮಾನದ ಮೇಲೂ ಭೂಮಿಯ ಮೇಲೂ ಹೊಸ ತೆರಿಗೆಯನ್ನು ಸೂಚಿಸಿದರು. ಎಂಟು ಬೇಕೆಂದಿದ್ದ ಪಕ್ಷದವರೇ ತುಂಬಿದ್ದ ಪ್ರಭುಗಳ ಸಭೆಯು ಆ ಆಯವ್ಯಯವನ್ನು ನವೆಂಬರಿನಲ್ಲಿ ತಳ್ಳಿಹಾಕಿತು. ಚುನಾವಣೆಯೊಂದು ನಡೆದ ಮೇಲೆ, 1910ರ ಏಪ್ರಿಲಿನಲ್ಲಿ, ಅದು ಅಂಗೀಕಾರವಾಯಿತು. 1912 ಬಂದಾಗ ಜರ್ಮನಿಯ ಬಳಿ 21 ಮಹಾನೌಕೆಗಳಿರಲಿಲ್ಲ.