ಹಡಗು ಹತ್ತುವ ಮೊದಲು ಸ್ಟ್ರೈಟ್ನರ್ ಮೇಲಿನ ಚೀಟಿ ಓದಿ: ಪಿನ್ ಬದಲಾದ್ರ ಕರೆಂಟ್ ಬದಲಾಗಂಗಿಲ್ಲ

ಜಮಖಂಡಿ: ಸಮುದ್ರ ನೋಡಬೇಕಂದ್ರೆ ಗೋವಾಕ್ಕೋ ಮುರ್ಡೇಶ್ವರಕ್ಕೋ ಹೋಗಿ, ದಂಡೆ ಮೇಲೆ ನಿಂತು, ಫೋಟೋ ತೆಗೆಸಿಕೊಂಡು ಬರುವುದು ನಮ್ಮ ಭಾಗದ ಹಳೇ ರೂಢಿ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬೈನಿಂದ ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆ ಪ್ರವಾಸ ಶುರು ಮಾಡಿತು. ಐಆರ್‌ಸಿಟಿಸಿ ಮೂಲಕವೂ ಟಿಕೆಟ್ ಸಿಗತೊಡಗಿತು. ಅಲ್ಲಿಂದೀಚೆಗೆ ಕ್ರೂಸ್ ಅನ್ನೋದು ಬರೀ ಸಿನಿಮಾ ಮಂದಿಯ ಮಾತಾಗಿ ಉಳಿದಿಲ್ಲ. ಮದುವೆ ಆದ ಹೊಸ ಜೋಡಿ, ಅಂಗಡಿ ಎರಡು ದಿನ ಮುಚ್ಚಿ ಹೊರಡುವ ಕುಟುಂಬ, ಎಲ್ಲರೂ ಈಗ ಆ ಲೆಕ್ಕ ಹಾಕಬಹುದು.

ಬ್ಯಾಗ್ ಕಟ್ಟುವಾಗ ಹೇರ್ ಡ್ರೈಯರ್, ಸ್ಟ್ರೈಟ್ನರ್, ಕರ್ಲರ್ ಇವುಗಳಲ್ಲಿ ಒಂದಾದರೂ ಒಳಗೆ ಹೋಗುತ್ತದೆ. ಜೊತೆಗೆ ‘ಇರಲಿ ಬಿಡು’ ಅಂತ ಒಂದು ಎಕ್ಸ್‌ಟೆನ್ಷನ್ ಬಾಕ್ಸ್, ಒಂದು ಇಸ್ತ್ರಿ ಪೆಟ್ಟಿಗೆ, ಚಹಾ ಕಾಯಿಸಲಿಕ್ಕೆ ಒಂದು ಕಾಯಿಲ್. ಇದರಲ್ಲಿ ಯಾವುದು ಹಡಗಿನ ಬಾಗಿಲಲ್ಲೇ ನಿಲ್ಲುತ್ತದೆ, ಯಾವುದು ಒಳಗೆ ಹೋಗಿ ಸುಟ್ಟು ಹೋಗುತ್ತದೆ ಅನ್ನುವುದು ಮೊದಲೇ ಗೊತ್ತಿದ್ದರೆ ಎರಡು ಮೂರು ಸಾವಿರ ರೂಪಾಯಿ ಉಳಿಯುತ್ತದೆ. ಕೆಲವೊಮ್ಮೆ ಅದಕ್ಕಿಂತ ದೊಡ್ಡದೂ ಉಳಿಯುತ್ತದೆ.

ಹಡಗು ಅಂದ್ರೆ ತೇಲುವ ಸಕ್ಕರೆ ಕಾರ್ಖಾನೆ

ಮುಧೋಳ, ಜಮಖಂಡಿ ಭಾಗದ ಸಕ್ಕರೆ ಕಾರ್ಖಾನೆಗಳು ಹಂಗಾಮಿನಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ತಮಗೆ ಬೇಕಾದ ಕರೆಂಟ್ ತಾವೇ ಮಾಡಿಕೊಳ್ಳುವುದು ಎಲ್ಲರಿಗೂ ಗೊತ್ತು. ಹಡಗೂ ಹಾಗೆಯೇ. ಸಮುದ್ರದ ನಡುವೆ ಹೆಸ್ಕಾಂ ಲೈನ್ ಇಲ್ಲ. ಇಂಜಿನ್ ಜನರೇಟರ್ ಓಡಿಸಿ, ಅಡುಗೆಮನೆಯಿಂದ ಹಿಡಿದು ಮಲಗುವ ಕೋಣೆಯ ಲೈಟಿನ ತನಕ ಎಲ್ಲದಕ್ಕೂ ಕರೆಂಟ್ ಅಲ್ಲೇ ಹುಟ್ಟಬೇಕು. ಆದ್ದರಿಂದ ನಮ್ಮ ಮನೆಯ 230 ವೋಲ್ಟ್, 50 ಹರ್ಟ್ಜ್ ಅಲ್ಲಿಯೂ ಇರಲೇಬೇಕು ಅಂತೇನಿಲ್ಲ. ಹಡಗು ಕಟ್ಟಿಸಿದವರು ಯಾರು, ಯಾವ ದೇಶದ ಪ್ರಯಾಣಿಕರಿಗಾಗಿ ಕಟ್ಟಿಸಿದರು ಅನ್ನುವುದರ ಮೇಲೆ ಅದು ನಿಂತಿರುತ್ತದೆ.

‘ಎಂಪ್ರೆಸ್’ ಹಡಗನ್ನೇ ತೊಗೊಳ್ಳಿ. ಇದು ನಮ್ಮ ದೇಶದಲ್ಲಿ ಕಟ್ಟಿದ್ದಲ್ಲ. ಫ್ರಾನ್ಸ್‌ನಲ್ಲಿ ತಯಾರಾಗಿ 1990ರಲ್ಲಿ ಸೇವೆಗೆ ಬಂದದ್ದು. ಅಮೆರಿಕದಲ್ಲಿ ನೆಲೆ ಇರುವ ರಾಯಲ್ ಕೆರಿಬಿಯನ್ ಕಂಪನಿಗಾಗಿ ‘ನಾರ್ಡಿಕ್ ಎಂಪ್ರೆಸ್’ ಅನ್ನುವ ಹೆಸರಿನಲ್ಲಿ ಓಡುತ್ತಿತ್ತು. ಅಮೆರಿಕದ ಪ್ರಯಾಣಿಕರಿಗಾಗಿ ಕಟ್ಟಿದ ಹಡಗುಗಳ ಕೋಣೆಯಲ್ಲಿ ಸಾಮಾನ್ಯವಾಗಿ ಎರಡು ಚಪ್ಪಟೆ ಪಿನ್ ಹೋಗುವ 110 ವೋಲ್ಟ್ ಸಾಕೆಟ್ ಇರುತ್ತದೆ. ಅನೇಕ ಹಡಗುಗಳಲ್ಲಿ ಅದರ ಪಕ್ಕಕ್ಕೇ ಎರಡು ದುಂಡು ಪಿನ್ ಹೋಗುವ 220 ವೋಲ್ಟ್ ಸಾಕೆಟ್ ಕೂಡ ಇರುತ್ತದೆ. ನಮ್ಮ ಮೊಬೈಲ್ ಚಾರ್ಜರಿನ ದುಂಡು ಎರಡು ಪಿನ್ ಈ ಎರಡನೆಯದಕ್ಕೆ ಸಾಮಾನ್ಯವಾಗಿ ಕೂತುಬಿಡುತ್ತದೆ. ಮೂರು ಪಿನ್ನಿನದು ಎರಡಕ್ಕೂ ಹೋಗುವುದಿಲ್ಲ.

ಇಲ್ಲೇ ತಪ್ಪು ನಡೆಯುವುದು. ಪಿನ್ ಹೋಗಲಿಲ್ಲ ಅಂದ ಕೂಡಲೇ ನೂರು ಇನ್ನೂರು ರೂಪಾಯಿಯ ಟ್ರಾವೆಲ್ ಅಡಾಪ್ಟರ್ ಕೊಂಡು ಹಚ್ಚುತ್ತಾರೆ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ಅಷ್ಟೇ. ಒಳಗೆ ಬರುವ ವೋಲ್ಟೇಜ್ ಇದ್ದಷ್ಟೇ ಇರುತ್ತದೆ. ಅಂಗಡಿಯವರು ‘ಇದು ಹಚ್ಚಿದ್ರ ಎಲ್ಲಾ ದೇಶದಾಗೂ ನಡೀತೈತಿ’ ಅಂತ ಕೊಟ್ಟರೆ, ಮೊಬೈಲ್ ಚಾರ್ಜರ್ ಮಟ್ಟಿಗೆ ಆ ಮಾತು ಖರೆ. ತಲೆಗೂದಲು ಒಣಗಿಸುವ ಡ್ರೈಯರ್ ಮಟ್ಟಿಗೆ ಅಲ್ಲ.

ವೋಲ್ಟೇಜ್ ಅರ್ಧ ಆದ್ರ ಬಿಸಿ ಕಾಲು ಭಾಗ

ಲೋ ವೋಲ್ಟೇಜ್‌ನಲ್ಲಿ ಪಂಪ್‌ಸೆಟ್ ಮೋಟಾರ್ ಸುಟ್ಟು ಹೋಗುವುದನ್ನು ಬೀಳಗಿ ಕಡೆಯ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಬಿಸಿ ಮಾಡುವ ಸಾಧನದ ಲೆಕ್ಕ ಬೇರೆ. ಕಾಯಿಲ್ ಇರುವ ವಸ್ತುವಿಗೆ ವೋಲ್ಟೇಜ್ ಅರ್ಧ ಸಿಕ್ಕರೆ ಬಿಸಿ ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 230 ವೋಲ್ಟಿಗೆ ಮಾಡಿದ 1000 ವ್ಯಾಟಿನ ಡ್ರೈಯರನ್ನು 110 ವೋಲ್ಟಿಗೆ ಹಚ್ಚಿದರೆ ಅದು ಸುಮಾರು 230 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ. ಫ್ಯಾನ್ ನಿಧಾನ ತಿರುಗುತ್ತದೆ, ಗಾಳಿ ಉಗುರು ಬೆಚ್ಚಗೆ ಬರುತ್ತದೆ. ‘ಹಾಳಾತು’ ಅಂತ ಎಸೆಯಬೇಡಿ. ಅದು ಹಾಳಾಗಿಲ್ಲ, ಹೊಟ್ಟೆ ತುಂಬಿಲ್ಲ.

ಅಪಾಯ ಇರುವುದು ಉಲ್ಟಾ ದಾರಿಯಲ್ಲಿ. ಇದಕ್ಕೆ ಹಡಗೂ ಬೇಕಾಗಿಲ್ಲ. ಅಮೆರಿಕದಲ್ಲಿರುವ ಮಗಳೋ ಅಳಿಯನೋ ಬರುವಾಗ 120 ವೋಲ್ಟಿನ ಕರ್ಲರ್ ತಂದುಕೊಟ್ಟರು ಅಂತಿಟ್ಟುಕೊಳ್ಳಿ. ಅಡಾಪ್ಟರ್ ಹಾಕಿ ರಬಕವಿಯ ಮನೆಯ ಬೋರ್ಡಿಗೆ ಚುಚ್ಚಿದರೆ ಅದರೊಳಗೆ ಮೂರೂವರೆ ಪಟ್ಟಿಗಿಂತ ಹೆಚ್ಚು ಬಿಸಿ ಹುಟ್ಟುತ್ತದೆ. ಕೆಲವೇ ಸೆಕೆಂಡಿನಲ್ಲಿ ವಾಸನೆ, ಹೊಗೆ, ಮುಗೀತು. ಹಡಗಿನಲ್ಲೂ ಇದೇ ಕರ್ಲರನ್ನು 220ರ ಸಾಕೆಟ್ಟಿಗೆ ಚುಚ್ಚಿದರೆ ಇದೇ ಗತಿ. ಆದರೆ ಅಲ್ಲಿ ಕೆಳಗೆ ಕಾರ್ಪೆಟ್, ಪಕ್ಕದಲ್ಲಿ ಪರದೆ, ಹಾಸಿಗೆ.

ಇದಕ್ಕೆಲ್ಲ ಉತ್ತರ ಸಾಧನದ ಮೈಮೇಲೆಯೇ ಇದೆ. ಬನಹಟ್ಟಿಯಲ್ಲಿ ಮಗ್ಗಕ್ಕೆ ಮೋಟಾರ್ ತರುವವರು ಮೊದಲು ಅದರ ಪ್ಲೇಟ್ ನೋಡುತ್ತಾರೆ. ಎಷ್ಟು ಎಚ್‌ಪಿ, ಸಿಂಗಲ್ ಫೇಸೋ ತ್ರೀ ಫೇಸೋ ಅಂತ ಓದದೆ ಯಾರೂ ದುಡ್ಡು ಕೊಡುವುದಿಲ್ಲ. ಸ್ಟ್ರೈಟ್ನರ್‌ಗೂ ಅಂಥದೇ ಒಂದು ಸಣ್ಣ ಚೀಟಿ ಇರುತ್ತದೆ, ಹಿಡಿಕೆಯ ಒಳಮೈಗೋ ವೈರಿನ ಬುಡಕ್ಕೋ. ಅದರಲ್ಲಿ ‘100-240 ವೋಲ್ಟ್, 50/60 ಹರ್ಟ್ಜ್’ ಅಂತಿದ್ದರೆ ಅದು ಎರಡೂ ಕಡೆ ನಡೆಯುವಂಥದ್ದು, ಪಿನ್ ಕೂಡಿಸುವ ಅಡಾಪ್ಟರ್ ಒಂದೇ ಸಾಕು. ‘220-240 ವೋಲ್ಟ್’ ಅಂತ ಮಾತ್ರ ಇದ್ದರೆ ಹಡಗಿನಲ್ಲಿ ದುಂಡು ಪಿನ್ನಿನ ಸಾಕೆಟ್ಟಿಗೆ ಮಾತ್ರ ಹಚ್ಚಬೇಕು. ಈಗ ಮಾರಾಟಕ್ಕಿರುವ ಅನೇಕ ಸ್ಟ್ರೈಟ್ನರ್‌ಗಳು ಮೊದಲನೇ ಜಾತಿಯವು. ಡ್ರೈಯರ್‌ಗಳು ಬಹುತೇಕ ಎರಡನೆಯವು. ಕೆಲವು ಟ್ರಾವೆಲ್ ಡ್ರೈಯರ್‌ಗಳಲ್ಲಿ 110 ಮತ್ತು 220ರ ನಡುವೆ ತಿರುಗಿಸುವ ಸಣ್ಣ ಸ್ವಿಚ್ ಇರುತ್ತದೆ. ಅದನ್ನು ನಾಣ್ಯದಿಂದ ತಿರುಗಿಸಿ, ಊರಿಗೆ ಬಂದ ಮೇಲೆ ವಾಪಸ್ ತಿರುಗಿಸುವುದು ಮರೆತರೆ ಮತ್ತೆ ಅದೇ ಹೊಗೆ.

ವ್ಯಾಟ್ ಲೆಕ್ಕದಲ್ಲೂ ಇವೆರಡು ಅಣ್ಣ ತಮ್ಮ ಅಲ್ಲ. ಸ್ಟ್ರೈಟ್ನರ್ ಹಲವು 30ರಿಂದ 60 ವ್ಯಾಟ್, ದೊಡ್ಡದಾದರೆ ನೂರು ಇನ್ನೂರು. ಡ್ರೈಯರ್ ಮಾತ್ರ 1000ದಿಂದ 2000 ವ್ಯಾಟ್. 1500 ವ್ಯಾಟಿನ ಡ್ರೈಯರ್ 230 ವೋಲ್ಟಿನಲ್ಲಿ ಆರೂವರೆ ಆಂಪ್ಸ್ ಎಳೆದರೆ, 110 ವೋಲ್ಟಿಗೆ ಮಾಡಿದ ಅಷ್ಟೇ ವ್ಯಾಟಿನದು ಹದಿಮೂರು ಆಂಪ್ಸ್ ದಾಟುತ್ತದೆ. ಅದಕ್ಕೇ ಹಡಗಿನವರು ಬಹಳ ಕಡೆ ಕೋಣೆಯಲ್ಲಿ ತಾವೇ ಒಂದು ಡ್ರೈಯರ್ ಇಟ್ಟಿರುತ್ತಾರೆ. ಇದ್ದರೆ ಅದನ್ನೇ ಬಳಸಿ, ನಿಮ್ಮದನ್ನು ಮನೆಯಲ್ಲೇ ಬಿಡುವುದು ಲೇಸು. ಅಂದ ಹಾಗೆ ಊರಲ್ಲೂ 6 ಆಂಪ್ಸಿನ ಸಣ್ಣ ಬೋರ್ಡಿಗೆ 1380 ವ್ಯಾಟ್ ಅಂದರೆ ಗಡಿ. ಅದಕ್ಕೆ 2000 ವ್ಯಾಟಿನ ಡ್ರೈಯರ್ ಹಚ್ಚಿ ‘ಬೋರ್ಡ್ ಕರಗ್ತು’ ಅಂತ ಎಲೆಕ್ಟ್ರಿಷಿಯನ್‌ನನ್ನು ಬೈಯುವ ಬ್ಯೂಟಿ ಪಾರ್ಲರ್‌ನವರು 16 ಆಂಪ್ಸಿನ ಪವರ್ ಪ್ಲಗ್ ಹಾಕಿಸಿಕೊಳ್ಳುವುದು ಒಳ್ಳೇದು.

ಸ್ಪೈಕ್ ಗಾರ್ಡ್ ಅಂದ್ರ ಹಡಗಿನವರಿಗೆ ಯಾಕ ಸಿಟ್ಟು?

ಸ್ಟ್ರೈಟ್ನರ್, ಕರ್ಲರ್, ಡ್ರೈಯರ್ ಇವನ್ನು ಬಹಳಷ್ಟು ಕ್ರೂಸ್ ಕಂಪನಿಗಳು ಒಳಗೆ ಬಿಡುತ್ತವೆ. ಉದಾಹರಣೆಗೆ ಅಮೆರಿಕದ ಕಾರ್ನಿವಲ್ ಕಂಪನಿ ಜಾಗ್ರತೆಯಿಂದ ಬಳಸುವ ಷರತ್ತಿನ ಮೇಲೆ ಇವನ್ನು ಒಪ್ಪುತ್ತದೆ. ಅಪಾಯ ಅನ್ನಿಸಿದರೆ ಎತ್ತಿಟ್ಟು, ಇಳಿಯುವಾಗ ವಾಪಸ್ ಕೊಡುತ್ತದೆ. ಆದರೆ ಇಸ್ತ್ರಿ ಪೆಟ್ಟಿಗೆ, ಕೆಟಲ್, ನೀರು ಕಾಯಿಸುವ ಕಾಯಿಲ್ ಸಾಮಾನ್ಯವಾಗಿ ಎಲ್ಲಿಯೂ ಬಿಡುವುದಿಲ್ಲ. ಅವುಗಳ ಸಾಲಿನಲ್ಲೇ ನಮ್ಮವರು ಸುರಕ್ಷೆಗೆ ಅಂತ ಒಯ್ಯುವ ಸ್ಪೈಕ್ ಗಾರ್ಡ್ ಕೂಡ ಇದೆ. ಮನೆಯಲ್ಲಿ ಕಾಪಾಡುವ ಪೆಟ್ಟಿಗೆ ಹಡಗಿನಲ್ಲಿ ಅಪಾಯ ಹೇಗಾಯಿತು ಅಂತ ಯಾರಿಗಾದರೂ ಆಶ್ಚರ್ಯ ಆಗುತ್ತದೆ.

ಕಾರಣ ಅರ್ಥಿಂಗ್. ನಮ್ಮ ಓಣಿಯ ಟಿ.ಸಿ. ಹತ್ತಿರ ನ್ಯೂಟ್ರಲ್ ವೈರನ್ನು ಭೂಮಿಗೆ ಕೂಡಿಸಿರುತ್ತಾರೆ. ಅದಕ್ಕೇ ಟೆಸ್ಟರ್ ಇಟ್ಟರೆ ಒಂದು ತೂತಿನಲ್ಲಿ ಲೈಟ್ ಹತ್ತುತ್ತದೆ, ಇನ್ನೊಂದರಲ್ಲಿ ಹತ್ತುವುದಿಲ್ಲ. ಬಹಳಷ್ಟು ಹಡಗುಗಳಲ್ಲಿ ಹೀಗೆ ಇಲ್ಲ. ಎರಡೂ ವೈರನ್ನು ಹಡಗಿನ ಕಬ್ಬಿಣದ ಮೈಗೆ ತಾಗಿಸದೆ ಬೇರೆಯಾಗಿಟ್ಟಿರುತ್ತಾರೆ. ಒಂದು ಕಡೆ ವೈರ್ ಸವೆದು ಕಬ್ಬಿಣಕ್ಕೆ ತಾಗಿದರೂ ಫಕ್ಕನೆ ಫ್ಯೂಸ್ ಹೋಗಿ, ನಡುನೀರಿನಲ್ಲಿ ಕತ್ತಲಾಗಿ, ಯಂತ್ರ ನಿಲ್ಲಬಾರದು ಅನ್ನುವುದು ಅದರ ಉದ್ದೇಶ. ಆದರೆ ಇದರಿಂದ ಎರಡೂ ವೈರಿನಲ್ಲಿ ಕರೆಂಟ್ ಇದ್ದ ಹಾಗೆ. ಸಾದಾ ಸ್ಪೈಕ್ ಗಾರ್ಡಿನ ಸ್ವಿಚ್ ಒಂದೇ ವೈರನ್ನು ಕತ್ತರಿಸುತ್ತದೆ, ಇನ್ನೊಂದು ಜೀವಂತ ಉಳಿಯುತ್ತದೆ. ಅದರೊಳಗೆ ವೈರಿಗೂ ಅರ್ಥಿಗೂ ನಡುವೆ ಕೂಡಿಸಿದ ಸಣ್ಣ ಬಿಲ್ಲೆಯಂಥ ಭಾಗ ಒಂದಿದೆ. ಹಡಗಿನ ಬೇರೆಲ್ಲೋ ಒಂದು ವೈರ್ ಕಬ್ಬಿಣಕ್ಕೆ ತಾಗಿದ್ದರೆ ಈ ಬಿಲ್ಲೆಯ ಮೂಲಕ ಕರೆಂಟ್ ಹರಿಯುತ್ತಾ ಹೋಗಿ, ಅದು ಕಾದು, ಪೆಟ್ಟಿಗೆಗೇ ಬೆಂಕಿ ಹತ್ತಬಹುದು. ಸ್ವಿಚ್ ಆಫ್ ಮಾಡಿದರೂ ನಿಲ್ಲದೇ ಇರಬಹುದು. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲಿ ಇದರ ಬಗ್ಗೆಯೇ ಹಡಗಿನವರಿಗೆ ಎಚ್ಚರಿಕೆ ಹೊರಡಿಸಿತ್ತು.

ಬೆಂಕಿ ಅಂದರೆ ಹಡಗಿನವರು ಇಷ್ಟು ಹೆದರುವುದಕ್ಕೆ ಅರ್ಥ ಇದೆ. ಊರಲ್ಲಿ ಅಂಗಡಿಗೆ ಬೆಂಕಿ ಬಿದ್ದರೆ ಹೊರಗೆ ಓಡಿ ಅಗ್ನಿಶಾಮಕ ಠಾಣೆಗೆ ಫೋನ್ ಹಚ್ಚಬಹುದು. ಅಲ್ಲಿ ಹೊರಗೆ ಅಂದರೆ ನೀರು. 2006ರ ಮಾರ್ಚ್ 23ರ ನಸುಕಿನಲ್ಲಿ ಜಮೈಕಾ ಹತ್ತಿರ ‘ಸ್ಟಾರ್ ಪ್ರಿನ್ಸೆಸ್’ ಹಡಗಿನ ಬಾಲ್ಕನಿಯೊಂದರಲ್ಲಿ ಹತ್ತಿದ ಬೆಂಕಿ ಕೋಣೆಯಿಂದ ಕೋಣೆಗೆ ಹಾರಿ, ಹತ್ತಾರು ಕೋಣೆ ಸುಟ್ಟವು. ಹೊಗೆ ಕುಡಿದು ಒಬ್ಬ ಪ್ರಯಾಣಿಕ ತೀರಿಕೊಂಡರು. ಅದಕ್ಕೆ ಕಾರಣ ಸ್ಟ್ರೈಟ್ನರ್ ಅಲ್ಲ, ಆರಿಸದೆ ಬಿಟ್ಟ ಸಿಗರೇಟ್ ಅನ್ನುವುದು ತನಿಖೆಯ ಅಂದಾಜು. ಒಂದು ಸಿಗರೇಟ್ ತುದಿ ಅಷ್ಟು ಮಾಡಿತು. 200 ಡಿಗ್ರಿಗೆ ಕಾದ ಸ್ಟ್ರೈಟ್ನರ್ ಪಟ್ಟಿಯನ್ನು ಆಫ್ ಮಾಡದೆ ಟವೆಲ್ ಮೇಲಿಟ್ಟು ಊಟಕ್ಕೆ ಹೋಗುವವರನ್ನು ನೆನೆಸಿಕೊಳ್ಳಿ. ಹೇರ್ ಸ್ಪ್ರೇ ಹೊಡೆದ ಕೂಡಲೇ ಹಸಿ ಕೂದಲಿಗೆ ಬಿಸಿ ಪಟ್ಟಿ ಹಿಡಿಯುವುದೂ ಅದೇ ಜಾತಿಯ ಧೈರ್ಯ, ಸ್ಪ್ರೇ ಬೆಂಕಿ ಹಿಡಿಯುವ ವಸ್ತು.

ಬಾತ್‌ರೂಮಿನ ಸಾಕೆಟ್ ಗಡ್ಡಕ್ಕೆ ಮಾತ್ರ

ಹಡಗಿನ ಬಾತ್‌ರೂಮಿನಲ್ಲಿ ಕನ್ನಡಿ ಪಕ್ಕ ಒಂದು ಸಾಕೆಟ್ ಕಂಡರೆ ಕೈ ತಾನೇ ಅತ್ತ ಹೋಗುತ್ತದೆ. ಅದರ ಮೇಲೆ ಶೇವರ್ ಚಿತ್ರ ಅಥವಾ ‘ಶೇವರ್ಸ್ ಓನ್ಲಿ’ ಅಂತ ಬರೆದಿರುತ್ತದೆ. ಗಡ್ಡ ತೆಗೆಯುವ ಯಂತ್ರಕ್ಕೆ ಬೇಕಾದ ಇಪ್ಪತ್ತು ವ್ಯಾಟಿನಷ್ಟು ಕೊಡುವ ಸಣ್ಣ ಟ್ರಾನ್ಸ್‌ಫಾರ್ಮರ್ ಅದರ ಹಿಂದಿದೆ. ಒದ್ದೆ ಕೈಗೆ ಶಾಕ್ ಹೊಡೆಯಬಾರದು ಅಂತ ಮಾಡಿದ ವ್ಯವಸ್ಥೆ. ಡ್ರೈಯರ್ ಹಚ್ಚಿದರೆ ಅದು ಟ್ರಿಪ್ ಆಗುತ್ತದೆ, ಇಲ್ಲವೇ ಸುಡುತ್ತದೆ. ಕೂದಲಿನ ಕೆಲಸ ಏನಿದ್ದರೂ ಕೋಣೆಯ ಮೇಜಿನ ಹತ್ತಿರದ ಸಾಕೆಟ್ಟಿನಲ್ಲಿ.

ಮುಂಬೈಗೆ ರೈಲಿನಲ್ಲಿ ಹೋಗುವವರಿಗೂ ಇದೇ ಮಾತು. ಬಹಳಷ್ಟು ಬೋಗಿಗಳ ಚಾರ್ಜಿಂಗ್ ಪಾಯಿಂಟಿನಲ್ಲಿ 110 ವೋಲ್ಟ್ ಇರುತ್ತದೆ, ಅದೂ ಮೊಬೈಲ್, ಲ್ಯಾಪ್‌ಟಾಪ್‌ಗೆ ಮಾತ್ರ. ಬೆಂಕಿಯ ಭಯಕ್ಕೇ 2021ರಲ್ಲಿ ಪಶ್ಚಿಮ ರೈಲ್ವೆ ರಾತ್ರಿ 11ರಿಂದ ನಸುಕಿನ 5ರ ತನಕ ಈ ಪಾಯಿಂಟ್ ಬಂದ್ ಇಡಲು ಶುರು ಮಾಡಿತು. ಹುಬ್ಬಳ್ಳಿ ಅಥವಾ ಬೆಳಗಾವಿಯಿಂದ ವಿಮಾನ ಹತ್ತುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವೈರ್ ಇಲ್ಲದ ಬ್ಯಾಟರಿ ಸ್ಟ್ರೈಟ್ನರ್ ಇದ್ದರೆ ಟಿಕೆಟ್ ತೆಗೆಯುವಾಗಲೇ ವಿಮಾನ ಕಂಪನಿಗೆ ಕೇಳಿಬಿಡಿ, ಬ್ಯಾಟರಿ ಬಿಚ್ಚಲು ಬರದಿದ್ದರೆ ತಕರಾರು ಆಗಬಹುದು.

ಇಷ್ಟೆಲ್ಲ ಮಾಡಿ ನೆಟ್ಟಗೆ ಮಾಡಿಸಿದ ಕೂದಲು ಡೆಕ್ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಬೇರೆ ಪ್ರಶ್ನೆ. ಕೂದಲಿನೊಳಗಿನ ಕೆಲವು ಸಣ್ಣ ಬಂಧಗಳು ಬಿಸಿಗೆ ಬಿಟ್ಟು, ತಣ್ಣಗಾದಾಗ ಹೊಸ ಆಕಾರದಲ್ಲಿ ಹಿಡಿಯುತ್ತವೆ. ತೇವ ತಾಗಿದರೆ ಅವೇ ಮತ್ತೆ ಬಿಡುತ್ತವೆ. ಜಮಖಂಡಿಯ ಒಣ ಹವೆಯಲ್ಲಿ ಸಂಜೆ ತನಕ ನಿಲ್ಲುವ ಸ್ಟ್ರೈಟ್ನಿಂಗ್ ಸಮುದ್ರದ ಗಾಳಿಗೆ ಬೇಗ ಸುರುಳಿ ಆಗುತ್ತದೆ. ಜಡೆ ಹಾಕಿಕೊಂಡು ಹೋದವರು ಜಾಣರು.

ಇಲೆಕ್ಟ್ರಿಕ್ ಮತ್ತು ಫ್ಯಾನ್ಸಿ ಅಂಗಡಿಯವರಿಗೆ ಒಂದು ಮಾತು. ಗಿರಾಕಿ ‘ಹಡಗಿಗೆ ಹೊಂಟೀವಿ, ಅಡಾಪ್ಟರ್ ಕೊಡ್ರಿ’ ಅಂದರೆ ಏನು ಹಚ್ಚುತ್ತೀರಿ ಅಂತ ಮೊದಲು ಕೇಳಿ, ಸಾಧನ ತರಲು ಹೇಳಿ, ಚೀಟಿ ಓದಿ ಕೊಡಿ. ಸಾವಿರ ವ್ಯಾಟಿನ ವೋಲ್ಟೇಜ್ ಬದಲಿಸುವ ಟ್ರಾನ್ಸ್‌ಫಾರ್ಮರ್ ಬೇಕು ಅಂದವರಿಗೆ ಅದರ ತೂಕ ಎತ್ತಿ ತೋರಿಸಿ, ಅರ್ಧ ಜನ ಅಲ್ಲೇ ಮನಸ್ಸು ಬದಲಿಸುತ್ತಾರೆ. ಎರಡೂ ವೋಲ್ಟೇಜಿಗೆ ನಡೆಯುವ ಸ್ಟ್ರೈಟ್ನರ್ ಅವರಿಗೆ ಅದಕ್ಕಿಂತ ಹಗುರ. ಸರ್ಜ್ ಪ್ರೊಟೆಕ್ಷನ್ ಅಂತ ಬರೆದಿರುವ ಬಾಕ್ಸ್ ಮಾತ್ರ ಕೊಡಬೇಡಿ. ಸಾದಾ ಎಕ್ಸ್‌ಟೆನ್ಷನ್ ಬಾಕ್ಸನ್ನೂ ರಾಯಲ್ ಕೆರಿಬಿಯನ್‌ನಂಥ ಕಂಪನಿಗಳು ಈಗ ಬಿಡುವುದಿಲ್ಲ. ಪ್ರತಿ ಕಂಪನಿಯೂ ಏನು ತರಬಾರದು ಅನ್ನುವ ಪಟ್ಟಿ ಕೊಡುತ್ತದೆ. ಬ್ಯಾಗ್ ಕಟ್ಟುವ ಮೊದಲು ಅದನ್ನು ಮನೆಯವರೆಲ್ಲ ಕೂತು ಓದಿದರೆ, ಇಸ್ತ್ರಿ ಪೆಟ್ಟಿಗೆ ಕಪಾಟಿನಲ್ಲೇ ಉಳಿಯುತ್ತದೆ.